ವಾಡಿ ಜಂಕ್ಷನ್ನಿನ ತೊಟ್ಟಿಲುಗಳು

ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಹಾದಿಯಲ್ಲಿ ಕಲಬುರಗಿಯನ್ನು ದಾಟಿದರೆ ಶಹಾಬಾದ್, ಅದರಾಚೆ ವಾಡಿ. ಇಲ್ಲಿ ಹಾದಿ ಕವಲೊಡೆದು, ಒಂದು ಕವಲು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿನತ್ತ ಹೊರಳುತ್ತದೆ. ಹೈದರಾಬಾದ್ ನಗರಕ್ಕೆ ರೈಲು ತಲುಪಿದ್ದು 1874ರಲ್ಲಿ, ಈ ಕವಲಿನ ಮೂಲಕವೇ. ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ಕಿಟಕಿಯಿಂದ ಸಿಮೆಂಟು ಕಾರ್ಖಾನೆಯ ಚಿಮಣಿಗಳನ್ನೂ ಕಲ್ಲುಚಪ್ಪಡಿಗಳ ಒಟ್ಟಿಲುಗಳನ್ನೂ ನೋಡಿ, ಮತ್ತೆ ತಮ್ಮ ಪುಸ್ತಕಕ್ಕೆ ಮರಳುವರು. ಆದರೆ ವಾಡಿಯ ಪ್ಲಾಟ್‌ಫಾರಮಿನಲ್ಲಿ ಅರ್ಧ ದಿನ ಕುಳಿತವರಿಗೆ ಬೇರೊಂದು ನೋಟ ಕಾಣಸಿಗುವುದು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಈ ಸೀಮೆಯ ಕಟ್ಟಳೆ. ಕುಬಸದ ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟ ಮಗಳನ್ನು ಕರೆದೊಯ್ಯಲು ಬಂದ ತಾಯಿ ಒಂದು ಕಡೆ. ಕುಂಚಿಗೆ ತೊಟ್ಟ ಕೂಸನ್ನು ಎದೆಗವಚಿಕೊಂಡು ಗಂಡನ ಮನೆಗೆ ಮರಳುವ ಬಾಣಂತಿ ಇನ್ನೊಂದು ಕಡೆ. ಹಿಂದೆ ಅಣ್ಣನೋ ಮಾವನೋ ತವರಿನ ಉಡುಗೊರೆಯ ತೊಟ್ಟಿಲನ್ನು ಹೊತ್ತು ನಿಂತಿರುತ್ತಾನೆ. ಈ ಎರಡು ಪಯಣಗಳ ನಡುವೆ ಒಂದು ಜೀವ ಲೋಕಕ್ಕೆ ಬಂದಿರುತ್ತದೆ.

ಪದ್ಧತಿ ಸುಂದರವೇ. ಆದರೆ ಅದರಲ್ಲೊಂದು ತೊಡಕುಂಟು. ಗರ್ಭಿಣಿಯ ಹೆಸರು ದಾಖಲಾಗುವುದು ಒಂದೂರಿನಲ್ಲಿ, ಹೆರಿಗೆ ಇನ್ನೊಂದರಲ್ಲಿ, ಕೂಸಿನ ಲಸಿಕೆ ಮತ್ತೊಂದರಲ್ಲಿ. ರಕ್ತ ಎಷ್ಟಿತ್ತು, ಒತ್ತಡ ಏರಿತ್ತೇ ಎಂಬುದನ್ನು ಹೊಸ ದವಾಖಾನೆಗೆ ತಿಳಿಸುವ ಸಾಕ್ಷಿ ‘ತಾಯಿ ಕಾರ್ಡ್’ ಒಂದೇ. ಚಿತ್ತಾಪುರದ ಕಡೆಯ ಒಂದು ಅಂಗನವಾಡಿಯಲ್ಲಿ, ಲಸಿಕೆಯ ದಿನ, ಆಶಾ ಕಾರ್ಯಕರ್ತೆ ಒಬ್ಬ ಅಜ್ಜಿಯನ್ನು ಕೇಳಿದಳು:

“ಆಯಿ, ಕಾರ್ಡ್ ತಂದೀರೇನ್ರಿ?”

“ಕೂಸಿನ್ನ ಮರ್ತ್ರೂ ಕಾರ್ಡ್ ಮರೆಯಂಗಿಲ್ಲವ್ವಾ!” ಎಂದು ಅಜ್ಜಿ ಸೆರಗಿನ ಗಂಟು ಬಿಚ್ಚಿದಳು.

ಇನ್ನು ಬಾಣಂತಿಯ ಕೋಣೆಗೆ ಬರೋಣ. ಇಲ್ಲಿಯ ಹಳೆಯ ಮನೆಗಳಿಗೆ ನೆಲವೂ ಶಹಾಬಾದ್ ಕಲ್ಲು, ಎಷ್ಟೋ ಕಡೆ ಮಾಳಿಗೆಯೂ ಅದೇ. ಚಳಿಗಾಲದ ಬೆಳಗಿನಲ್ಲಿ ಆ ನೆಲ ಹಿಮದಂತೆ. ಹೀಗಾಗಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಅಜವಾನ, ಲೋಬಾನಗಳ ಹೊಗೆ ಹಾಕುವ ರೂಢಿ ಬಂದಿತೆಂದು ತೋರುತ್ತದೆ. ಆದರೆ ಮೇ ತಿಂಗಳಲ್ಲಿ, ಉಷ್ಣತೆ 42 ಡಿಗ್ರಿ ದಾಟಿದಾಗಲೂ, ಕದ ಕಿಟಕಿ ಮುಚ್ಚಿ ಅದೇ ಹೊಗೆ ಹಾಕುವುದನ್ನು ಕಂಡರೆ ಮನಸ್ಸು ಕಳವಳಗೊಳ್ಳುತ್ತದೆ. ಎಳೆಯ ಶ್ವಾಸಕೋಶಕ್ಕೆ ಹೊಗೆ ವೈರಿ. ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು ಅಳೆದು ಕೊಡುವುದೂ ಸಲ್ಲದು; ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು. ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಕೂಸಿಗೆ ಜೇನು ನೆಕ್ಕಿಸುವುದು, ಇವೆರಡನ್ನೂ ವೈದ್ಯರು ಒಪ್ಪುವುದಿಲ್ಲ. ಗಿಣ್ಣುಹಾಲು ಕೂಸಿಗೆ ರೋಗ ತಡೆಯುವ ಬಲ ಕೊಡುತ್ತದೆ. ಜೇನಿನಿಂದ ವರ್ಷದೊಳಗಿನ ಕೂಸಿಗೆ ಅಪಾಯವುಂಟು.

ಹಾಗೆಂದು ಅಜ್ಜಿಯ ಶಾಸ್ತ್ರವನ್ನೆಲ್ಲ ನಗರದ ಜಾಣರು ತಳ್ಳಿಹಾಕಬೇಕಾಗಿಲ್ಲ. ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ಇವು ಬಡಕಲು ಮೈಗೆ ಆಧಾರ. ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿಗಿಂತ ಮೆತ್ತನೆಯ ಹಾಸಿಗೆಯನ್ನು ಯಾವ ಅಂಗಡಿಯೂ ಮಾರಲಾರದು. ಎಲ್ಲಕ್ಕೂ ಮಿಗಿಲಾಗಿ, ಬಾಣಂತಿಗೆ ತವರಿನಲ್ಲಿ ದೊರೆಯುವ ಕೆಲವು ತಿಂಗಳ ವಿಶ್ರಾಂತಿ! ಕಚೇರಿಯಲ್ಲಿ ದುಡಿಯುವ ನಮ್ಮ ಸೋದರಿಯರಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಾದ ತಿದ್ದುಪಡಿಯಿಂದ ಮೊದಲು ದೊರೆತ 26 ವಾರಗಳ ರಜೆಯುಂಟು. ದಿನಗೂಲಿಗೆ ಕಲ್ಲು ಹೊರುವ ಹೆಂಗಸಿಗೆ ರಜೆ ಕೊಡುವುದು ತವರುಮನೆಯೊಂದೇ.

ಚಿಂಚೋಳಿಗೆ ರೈಲಿಲ್ಲ. ಮುಲ್ಲಾಮಾರಿ ನದಿಯ ಈ ತಾಲೂಕಿನಲ್ಲಿ ಗುಡ್ಡ, ಕುರುಚಲು ಕಾಡು, ಅಲ್ಲಲ್ಲಿ ಲಂಬಾಣಿ ತಾಂಡಾಗಳು. ಇಲ್ಲಿ ಹೆರಿಗೆಯ ಅಳಿವು ಉಳಿವು ರಸ್ತೆಯ ಮೇಲೆ ನಿಂತಿದೆ. 2008ರಲ್ಲಿ ರಾಜ್ಯಕ್ಕೆ ಬಂದ 108ರ ವಾಹನ ತಾಂಡಾದ ಬಾಗಿಲಿಗೆ ಬರುವುದು ದೊಡ್ಡ ಉಪಕಾರವೇ; ಆದರೂ ರಕ್ತಸ್ರಾವ ನಿಲ್ಲದಿದ್ದರೆ ತಾಲೂಕು ದವಾಖಾನೆಯಿಂದ ಕಲಬುರಗಿಗೇ ಓಡಬೇಕು. ಆ ಹೊತ್ತಿನಲ್ಲಿ ಗಳಿಗೆ ಗಳಿಗೆಗೂ ಬೆಲೆಯುಂಟು. ಪಾವಗಡ ತಾಲೂಕಿನಲ್ಲಿ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಸೂಲಗಿತ್ತಿ ನರಸಮ್ಮನಂಥವರ ಕೈಗುಣ ದೊಡ್ಡದು, ನಿಜ. ಆದರೆ ಕೈಗುಣ ರಕ್ತವನ್ನು ತುಂಬಿಕೊಡಲಾರದು. ಒಂಬತ್ತು ತುಂಬಿದ ಸೊಸೆಯನ್ನು ಒಳಗಿನ ತಾಂಡಾದಲ್ಲಿ ಉಳಿಸಿಕೊಳ್ಳದೆ, ದವಾಖಾನೆಗೆ ಸಮೀಪದ ನೆಂಟರ ಮನೆಯಲ್ಲಿ ಮೊದಲೇ ಇರಿಸುವವರು ಜಾಣರು.

ಆರು ತಿಂಗಳು ತಾಯಿಯ ಹಾಲು ಮಾತ್ರ; ಆಮೇಲೆ ಅನ್ನದ ಜೊತೆ ತೊಗರಿಬೇಳೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ ಈ ಕೂಸುಗಳ ಮನೆಯಂಗಳದ ಧಾನ್ಯ. ಬೇಳೆಯ ತಿಳಿನೀರನ್ನಷ್ಟೇ ಕುಡಿಸದೆ, ಬೇಳೆಯನ್ನೇ ನುಣ್ಣಗೆ ಹಿಸುಕಿ, ಒಂದು ಹನಿ ತುಪ್ಪದೊಡನೆ ತಿನ್ನಿಸಬೇಕು. ಒಂಬತ್ತು ತುಂಬಿದ ಮೇಲೆ ದಡಾರ–ರುಬೆಲ್ಲಾ ಸೂಜಿ. ಅಷ್ಟರಲ್ಲಿ ಸುಗ್ಗಿ ಮುಗಿದು, ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೊರಟಿರುತ್ತವೆ. ವಾಡಿಯ ಪ್ಲಾಟ್‌ಫಾರಮಿನಲ್ಲಿ ಆಗ ತೊಟ್ಟಿಲು ಕಾಣುವುದಿಲ್ಲ. ಬುತ್ತಿಯ ಗಂಟು, ಗುದ್ದಲಿ, ಕಂಕುಳಲ್ಲಿ ಕೂಸು. ಆ ಗಂಟಿನೊಳಗೆ ಕಾರ್ಡ್ ಇದೆಯೇ ಎಂದು ಕೇಳಲು ಅಲ್ಲಿ ಯಾವ ಕಾರ್ಯಕರ್ತೆಯೂ ನಿಂತಿರುವುದಿಲ್ಲ.