ಹೀರೋಗೆ ಕೀಲಿ ಸಾಕು, ನಮಗೆ ಕಾಗದವೂ ಬೇಕು!

1978ರಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ 'ಸಿಂಗಾಪೂರ್‌ನಲ್ಲಿ ರಾಜಾಕುಳ್ಳ' ಚಿತ್ರಕ್ಕಾಗಿ ಪರದೇಶಕ್ಕೆ ಹಾರಿದರಲ್ಲ, ಅಂದಿನಿಂದ ನಮ್ಮ ಹುಡುಗರ ಕಣ್ಣಲ್ಲಿ ಒಂದು ಕನಸು. ವಿಮಾನ ಇಳಿಯಬೇಕು, ಕಾರಿನ ಕೀಲಿ ಕೈಗೆ ಬರಬೇಕು, ಪಕ್ಕದಲ್ಲಿ ಹೀರೋಯಿನ್ ಕೂತಿರಬೇಕು! ಆದರೆ ಯಾವ ಚಿತ್ರದಲ್ಲಾದರೂ ಹೀರೋ ಕಾರಿನ ವಿಮಾ ಕಾಗದ ಕೇಳಿದ್ದನ್ನು ನೀವು ನೋಡಿದ್ದೀರಾ? ಇಲ್ಲ ಸ್ವಾಮಿ, ನಾನೂ ನೋಡಿಲ್ಲ. ಆ ಕಾಗದದ ಕತೆ ಏನೆಂದು ತಿಳಿಯಲು ಸಿಂಗಾಪುರ ಬೇಕಿಲ್ಲ. ಬೀದರದ ನೌಬಾದ ಸಾಕು.

ನೌಬಾದ ಅಂದರೆ ಬೀದರ ನಗರದ ಒಂದು ಅಂಚು. ಮೇಲೆ ಲಾರಿ, ಟೆಂಪೊ, ಚಹಾದ ಅಂಗಡಿ. ಕೆಳಗೆ ಬಹಮನಿ ಸುಲ್ತಾನರ ಕಾಲದ ಕರೇಜ್. ನೆಲದೊಳಗೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು, ಮೇಲಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟು, ಕಲ್ಲುನೆಲದ ಊರಿಗೆ ನೀರು ಹರಿಸಿದ ಜಾಣತನ ಅದು. ಪರ್ಶಿಯಾದಿಂದ ಬಂದ ವಿದ್ಯೆ. ಕಣ್ಣಿಗೆ ಕಾಣದ್ದೇ ಊರನ್ನು ಕಾಪಾಡಿತು. ವಿಮೆಯೂ ಹಾಗೇ ಅನ್ನಿ, ಕಾಣುವುದಿಲ್ಲ, ಬೇಕಾದ ದಿನ ಬೇಕೇ ಬೇಕು.

ನನ್ನ ಪ್ಲಾನು ಹೀಗಿತ್ತು: ನೌಬಾದದಿಂದ ಭಾಲ್ಕಿ, ಅಲ್ಲಿಂದ ಕಮಲನಗರ, ಗಡಿ ದಾಟಿ ಮಹಾರಾಷ್ಟ್ರದ ಉದಗೀರ ಕೋಟೆ, ತಿರುಗಿ ಔರಾದ, ಸಂತಪೂರದ ಮೇಲೆ ಬೀದರ. ಚಹಾ ಕುಡಿಯುವಷ್ಟರಲ್ಲಿ ಇಬ್ಬರು ಬಂದರು. ಮೊದಲನೆಯವನು ಇಪ್ಪತ್ತೆರಡರ ಹುಡುಗ, ಬಿಳಿ ನಂಬರ್ ಪ್ಲೇಟಿನ ಹೊಸ ಕಾರು.

"ಎಲ್ಲಿಗ್ ಹೊಂಟೀರ್ರಿ ಸರ್? ನಮ್ಮಣ್ಣಂದು ಗಾಡಿ ಅದ. ಅವರಕ್ಕಿಂತ ಐನೂರು ಕಮ್ಮಿ ಕೊಡ್ರಿ."

"ಇನ್ಶೂರೆನ್ಸ್ ಅದ ಏನಪ್ಪ?"

"ಅದ ಬಿಡ್ರಿ. ಏನಾಗ್ತದ?"

ಎರಡನೆಯವರು ಹಳದಿ ಪ್ಲೇಟಿನ ಹಳೆಯ ಕಾರಿನ ಮಧ್ಯವಯಸ್ಕರು. ಕೇಳುವ ಮೊದಲೇ ಕಾಗದದ ಚೀಲ ಬಿಚ್ಚಿದರು. "ನೋಡಿಕೋರಿ ಸಾಹೇಬ್ರೆ. ಆಲ್ ಇಂಡಿಯಾ ಪರ್ಮಿಟ್ ಅದ. ಉದಗೀರಕ್ಕೂ ನಡೀತದ, ಜಹೀರಾಬಾದಕ್ಕೂ ನಡೀತದ." ನಾನು ಇವರ ಗಾಡಿ ಹತ್ತಿದೆ.

ಐನೂರು ರೂಪಾಯಿ ಯಾಕೆ ಬಿಟ್ಟೆ ಅಂತೀರಾ? ಕೇಳಿ. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರ ಅಂದರೆ ಮನೆಯ ಬಳಕೆಯ ಗಾಡಿ. ಅದರ ಪಾಲಿಸಿಯಲ್ಲೇ 'ಬಾಡಿಗೆಗೆ ಓಡಿಸಬಾರದು' ಎಂಬ ಷರತ್ತು ಇರುತ್ತದೆ. ಬಾಡಿಗೆ ತೆಗೆದುಕೊಂಡು ಹೊರಟ ಗಳಿಗೆಯಿಂದ ಆ ಷರತ್ತು ಮುರಿಯಿತು. ಏನಾದರೂ ಆದರೆ ವಿಮಾ ಕಂಪನಿ ಅದನ್ನೇ ಹಿಡಿದು ವಾದಿಸುತ್ತದೆ, ಲಕ್ಷಗಟ್ಟಲೆ ಪರಿಹಾರದ ಹೊರೆ ಆ ಹುಡುಗನ ಅಣ್ಣನ ತಲೆಗೆ ಬರಬಹುದು. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದ ಟ್ಯಾಕ್ಸಿಯಲ್ಲಿ ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆಯೊಳಗೇ ಪ್ರಯಾಣಿಕನೂ ಬರುತ್ತಾನೆ. ವಿಮೆ ಭಾರತದ ಯಾವ ರಾಜ್ಯದಲ್ಲೂ ನಡೆಯುತ್ತದೆ. ಗಡಿ ದಾಟಲು ಟ್ಯಾಕ್ಸಿಗೆ ಬೇರೆ ಬೇಕಾದ್ದು ಪರ್ಮಿಟ್.

ಭಾಲ್ಕಿ ರಸ್ತೆ ಬಯಲಿನ ರಸ್ತೆ. ಎರಡೂ ಕಡೆ ಕಪ್ಪು ಮಣ್ಣು, ತೊಗರಿ, ಕಬ್ಬು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಊರಿದು. ಮಠಕ್ಕೆ ಕೈಮುಗಿದು ಮುಂದೆ ಹೊರಟೆವು. ಕಮಲನಗರ ದಾಟಿದ ಮೇಲೆ ಅಂಗಡಿಯ ಬೋರ್ಡು ಮರಾಠಿಗೆ ತಿರುಗಿತು, ಡ್ರೈವರ್ ಸಾಹೇಬರ ನಾಲಿಗೆಯೂ ತಿರುಗಿತು. ಕನ್ನಡ, ಉರ್ದು, ಮರಾಠಿ, ತೆಲುಗು, ನಾಲ್ಕೂ ಅವರಿಗೆ ಬಾಯಿಪಾಠ!

ದಾರಿಯಲ್ಲಿ ಒಂದು ಆಟೋ ಎದುರಾಯಿತು. ಹಿಂದೆ ಶಂಕರ್‌ನಾಗ್ ಚಿತ್ರ. 1980ರ 'ಆಟೋ ರಾಜ' ಬಂದು ಇಷ್ಟು ವರ್ಷವಾದರೂ ಚಾಲಕರಿಗೆ ಅವನೇ ರಾಜ. ಆ ರಾಜ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡು ಬಳಿ ಕಾರು ಅಪಘಾತದಲ್ಲೇ ನಮ್ಮನ್ನು ಬಿಟ್ಟುಹೋದ. ಚಿತ್ರ ನೋಡಿ ಡ್ರೈವರ್ ಸಾಹೇಬರು ಗಾಡಿಯ ವೇಗ ತಗ್ಗಿಸಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಉದಗೀರದ ಕೋಟೆ ನೋಡಿ ತಿರುಗಿದೆವು. ಔರಾದದ ಅಮರೇಶ್ವರ ಗುಡಿಯ ಮುಂದೆ ನಾಲ್ಕು ಹುಡುಗರು ಗಂಟುಬಿದ್ದರು. "ಸರ್, ನಾವೇ ಓಡಿಸೋ ಕಾರು ಬಾಡಿಗಿಗಿ ಸಿಗ್ತದಲ್ರಿ, ಅದು ಛಲೋ ಅಲ್ಲೇನ್ರಿ?" ಛಲೋನೇ, ಆದರೆ ಅದಕ್ಕೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು. ಇನ್ನೊಂದು ಮಾತು: 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಗಾಡಿಯ ಮಾಲೀಕ-ಚಾಲಕನಿಗೆ, ಬಾಡಿಗೆಗೆ ಒಯ್ದವನಿಗಲ್ಲ. ಗೆಳೆಯನ ಗಾಡಿಗೂ ಇದೇ ಮಾತು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಬೇರೆಯವರ ಮೋಟಾರ್‌ಸೈಕಲ್ ತಂದವನೊಬ್ಬ ಮುಂದಿನ ಎತ್ತಿನ ಗಾಡಿಗೆ ಬಡಿದು ಸತ್ತ. 2009ರಲ್ಲಿ ಸುಪ್ರೀಂ ಕೋರ್ಟ್, ಗಾಡಿ ಕೇಳಿ ತಂದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರ ಅವನ ಮನೆಯವರಿಗೆ ಸಲ್ಲದು ಎಂದಿತು. ಬೇರೆ ಕಲಮಿನಡಿ ಏನಾದರೂ ಸಿಗಬಹುದೇ ನೋಡಿ ಎಂದು ಹೈಕೋರ್ಟಿಗೆ ಮರಳಿಸಿತು. ಹೆಂಡತಿ ಮಕ್ಕಳು ಅಷ್ಟು ದೂರ ಅಲೆಯಬೇಕಾಯಿತು!

ಆ ನಾಲ್ವರಲ್ಲಿ ಒಬ್ಬನಿಗೆ ದುಬೈ ನೋಡುವ ಆಸೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸುತ್ತಾಡಲು ಹೋಗಿ ಅಲ್ಲಿ ಕಾರು ಓಡಿಸಬೇಕೆಂದರೆ ಊರಲ್ಲೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೋ, ಅದು ಒಂದು ವರ್ಷ ನಡೆಯುತ್ತದೆ. ಕಾರು ಕೊಡುವವನು 'ವಿಮೆ ಇದೆ' ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡ. ಡ್ಯಾಮೇಜ್ ಆದರೆ ಮೊದಲು ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ? ಗಾಜು, ಟಯರು, ಗಾಡಿಯ ಅಡಿಭಾಗ ಸೇರಿವೆಯೇ? ಬೇರೆ ಯಾರಾದರೂ ಓಡಿಸಬಹುದೇ? ಈ ಮೂರೂ ಕೇಳು. ಅಲ್ಲಿಂದ ಒಮಾನ್‌ಗೆ ದಾಟುವುದಾದರೆ ಅಲ್ಲಿಗೂ ನಡೆಯುವ ವಿಮೆ, ಕಂಪನಿಯ ಒಪ್ಪಿಗೆ ಪತ್ರ ಎರಡೂ ಬೇಕು. ಕೀಲಿ ಪಡೆಯುವ ಮುನ್ನ ಕಾರಿನ ನಾಲ್ಕೂ ಕಡೆ ಫೋಟೋ ಹೊಡೆದುಕೋ, ಹಳೆಯ ಗೀರು ನಿನ್ನ ಲೆಕ್ಕಕ್ಕೆ ಬರಬಾರದು.

ನೌಬಾದದ ಆ ಬಿಳಿ ಪ್ಲೇಟಿನ ಹುಡುಗನ ಮೇಲೆ ನನಗೆ ಕೋಪವಿಲ್ಲ. ಹೊಟ್ಟೆಪಾಡು ಅವನದು. ಹಳದಿ ಪ್ಲೇಟು ಮಾಡಿಸಿ, ಅದಕ್ಕೆ ತಕ್ಕ ಪಾಲಿಸಿ ತೆಗೆದುಕೊಂಡರೆ ಅವನ ಮನೆಗೂ ಕ್ಷೇಮ, ಹತ್ತಿದವರಿಗೂ ಕ್ಷೇಮ. ಚಿತ್ರದಲ್ಲಿ ಕಾರು ಉರುಳಿದರೆ ಡೈರೆಕ್ಟರ್ 'ಕಟ್' ಅನ್ನುತ್ತಾರೆ, ಹೀರೋ ಎದ್ದು ಧೂಳು ಕೊಡವುತ್ತಾನೆ. ರಸ್ತೆಯಲ್ಲಿ 'ಕಟ್' ಅನ್ನುವವರು ಯಾರೂ ಇಲ್ಲ, ಮಿತ್ರರೇ!