ಊದಿದ್ದು ಸಾಕು, ಈಗ ಎಳೆಯಬೇಕು

ಉಬ್ಬಸವೆಂದರೆ ಬೀಡಿ ಸೇದುವವರ ಕಾಯಿಲೆ ಎಂದೇ ನಮ್ಮೂರಿನ ಲೆಕ್ಕ. ನಮ್ಮ ದೊಡ್ಡಮ್ಮ ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದವರು. ಡಾಕ್ಟರು ಸಿಒಪಿಡಿ ಎಂದಾಗ ಮನೆಯವರಿಗೆಲ್ಲ ಆಶ್ಚರ್ಯ, ಅವರಿಗೆ ಮಾತ್ರ ಆಗಲಿಲ್ಲ.

ಇನ್‌ಹೇಲರ್ ಜೊತೆಗೆ ಫಿಸಿಯೋಥೆರಪಿಗೂ ಕಳಿಸಿದರು. ಉಸಿರಾಟದ ಸ್ನಾಯುವಿಗೂ ಸಾಮು ಮಾಡಿಸಬಹುದು ಎಂದು ನಮಗೆ ತಿಳಿದದ್ದೇ ಅಲ್ಲಿ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಬಾಗಿರುವ ವಪೆಯೇ ಉಸಿರೆಳೆಯುವ ಮುಖ್ಯ ಸ್ನಾಯು. ಈ ಕಾಯಿಲೆಯಲ್ಲಿ ಒಳಗೆ ಹೋದ ಗಾಳಿ ಸರಿಯಾಗಿ ಹೊರಬರುವುದಿಲ್ಲ. ಶ್ವಾಸಕೋಶ ಉಬ್ಬಿ ವಪೆಯನ್ನು ಕೆಳಗೊತ್ತಿ ಚಪ್ಪಟೆ ಮಾಡುತ್ತದೆ. ಚಪ್ಪಟೆಯಾದ ಮೇಲೆ ಅದಕ್ಕೆ ಎಳೆಯುವ ಬಲ ಕಡಿಮೆ.

ಅದಕ್ಕೆ ಕೊಟ್ಟಿದ್ದು ಒಂದು ಪ್ಲಾಸ್ಟಿಕ್ ಕೊಳವೆ. ಒಳಗೆ ಸ್ಪ್ರಿಂಗ್ ವಾಲ್ವ್. ಜೋರಾಗಿ ಎಳೆದರಷ್ಟೇ ತೆರೆದು ಗಾಳಿ ಬಿಡುತ್ತದೆ. ದೊಡ್ಡಮ್ಮ ಎಳೆಯಬಲ್ಲ ಗರಿಷ್ಠ ಒತ್ತಡ ಅಳೆದು, ಅದರ ಶೇ. 30ಕ್ಕೆ ಸ್ಪ್ರಿಂಗ್ ಹೊಂದಿಸಿದರು. ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ. “ಇಷ್ಟು ವರ್ಷ ಊದಿದ್ದಾಯ್ತು, ಈಗ ಎಳೀಬೇಕಂತೆ ನೋಡ್ರೋ” ಎಂದು ನಕ್ಕರು. ನಗುವಿನ ಹಿಂದೆಯೇ ಕೆಮ್ಮು ಬಂತು.

ಕೊಳವೆಯೊಂದನ್ನೇ ನಂಬಬೇಡಿ, ನಡೆಸಿ ಎಂದೂ ಹೇಳಿದ್ದರು. 2023ರ ಕಾಕ್ರೇನ್ ವಿಮರ್ಶೆ ಓದಿದಾಗ ಆ ಮಾತಿನ ತೂಕ ತಿಳಿಯಿತು. ಬರೀ ಈ ಅಭ್ಯಾಸದಿಂದಲೂ ಏದುಸಿರು ತುಸು ತಗ್ಗಬಹುದು. ಆದರೆ ನಡಿಗೆ, ವ್ಯಾಯಾಮಗಳಿರುವ ಪೂರ್ಣ ಪುನಶ್ಚೇತನಕ್ಕೆ ಇದನ್ನು ಸೇರಿಸಿದರೆ ಹೆಚ್ಚಿನ ಲಾಭವೇನೂ ಕಂಡಿಲ್ಲ.

ಪೂರ್ಣ ಪುನಶ್ಚೇತನ ಇರುವುದು ಪೇಟೆಯಲ್ಲಿ. ವಾರಕ್ಕೆರಡು ಸಲ ಬಸ್ಸು ಹತ್ತಿಸಿ ಕರೆದೊಯ್ಯುವುದೆಂದರೆ ಜೊತೆಗೆ ಹೋದವರ ಎರಡು ದಿನದ ಕೂಲಿ ಹೋಯಿತು. ಹಾಗಾಗಿ ಹಾಲಿನ ಡೇರಿಯವರೆಗೆ ನಾವೇ ನಡೆಸಿದೆವು. ದಮ್ಮು ಕಟ್ಟಿದಾಗ ನಿಂತು, ಮೂಗಿನಲ್ಲಿ ಎಳೆದು, ಒಲೆ ಊದುವ ಹಾಗೆ ತುಟಿ ಮಾಡಿ ನಿಧಾನಕ್ಕೆ ಬಿಡುವುದು. ಅದನ್ನು ಅವರಿಗೆ ಕಲಿಸಬೇಕಾಗಲಿಲ್ಲ. ಎರಡು ತಿಂಗಳಾದ ಮೇಲೆ ನಡುವೆ ಕೂರದೆ ಡೇರಿ ಮುಟ್ಟಿದರು. ಕೊಳವೆಯಿಂದಲೋ ನಡಿಗೆಯಿಂದಲೋ, ನಾವು ಬೇರ್ಪಡಿಸಲು ಹೋಗಿಲ್ಲ. ಹಾಳಾದ ಶ್ವಾಸಕೋಶವಂತೂ ಮೊದಲಿನಂತಾಗುವುದಿಲ್ಲ.

ಅಡುಗೆಗೆ ಗ್ಯಾಸ್ ಬಂದು ವರ್ಷಗಳಾದವು. ಬಚ್ಚಲ ಹಂಡೆಗೆ ಮಾತ್ರ ಇನ್ನೂ ಸೌದೆಯೇ. ಈಗ ಅದರ ಮುಂದೆ ಕೂತು ಊದುವವರು ನಮ್ಮ ಅತ್ತಿಗೆ, ವಯಸ್ಸು ಮೂವತ್ತೆರಡು. ಆ ಒಲೆಗೆ ಹೊಗೆಕೊಳವೆ ಹಾಕಿಸಲೇಬೇಕೆಂದು ಹಟ ಹಿಡಿದಿರುವವರು ದೊಡ್ಡಮ್ಮ. ಮಳೆಗಾಲಕ್ಕೆ ಮೊದಲು ಆಗಬೇಕು.