ಪರದೆಯ ಜಾತಕ

ವೈಟ್‌ಫೀಲ್ಡಿನ ಮೀಟಿಂಗ್ ಕೋಣೆಯಲ್ಲಿ ಯಾರಾದರೂ ಲಿನಕ್ಸ್ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಸಿಕ್ಕಿಸಿದರೆ ವ್ಯವಹಾರದ ಮಾತು ತಡವಾಗುವುದುಂಟು. "ಡಿಸ್‌ಪ್ಲೇ ಬರ್ತಿಲ್ಲ ಗುರು, ಕೇಬಲ್ ಕಿತ್ತು ಹಾಕು" ಎಂಬ ಸಲಹೆ ಮೂಲೆಯಿಂದ ತೇಲಿಬರುತ್ತದೆ. ಮಂತ್ರದಂತೆ ಕೇಳಿಸಿದರೂ ಆ ಸಲಹೆ ಎಷ್ಟೋ ಸಲ ಫಲಿಸುತ್ತದೆ.

ಅದಕ್ಕೆ ಕಾರಣವಿದೆ. ಮಾನಿಟರು, ಪ್ರೊಜೆಕ್ಟರುಗಳೊಳಗೆ ಎಡಿಡ್ ಎಂಬ 128 ಬೈಟಿನ ಜಾತಕ ಅಡಗಿರುತ್ತದೆ. ಮಾಡಿದವರು ಯಾರು, ಹುಟ್ಟಿದ ವಾರ ಮತ್ತು ವರ್ಷ ಯಾವುದು, ಯಾವ ರೆಸಲ್ಯೂಷನ್ ಒಗ್ಗುತ್ತದೆ, ಎಲ್ಲ ಅದರಲ್ಲಿದೆ. ಕೇಬಲ್ ಸಿಕ್ಕಿಸಿದಾಗ ಕಂಪ್ಯೂಟರು ಅದನ್ನು ತರಿಸಿಕೊಂಡು ಓದುತ್ತದೆ. ನಡುವೆ ಅಗ್ಗದ ಕನ್ವರ್ಟರೋ ಪಿನ್ನು ಮುರಿದ ವಿಜಿಎ ಕೇಬಲೋ ಬಂತೆಂದರೆ ಜಾತಕ ತಲುಪದು. ಆಗ ದೊಡ್ಡ ಪರದೆಯೂ 1024×768ಕ್ಕೆ ಇಳಿದು ಕೂರುತ್ತದೆ.

ಹಿಂದೆ ಈ ಜಾತಕವನ್ನು ಮನುಷ್ಯರೇ ಬರೆಯಬೇಕಿತ್ತು. 1996ರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಂದಾಳತ್ವದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯ ಸಿಡಿಯಲ್ಲಿ ಲಿನಕ್ಸ್ ಮನೆಮನೆಗೆ ಬಂತು. ಇನ್‌ಸ್ಟಾಲ್ ಮಾಡಿದವರಿಗೆ ಎದುರಾಗುತ್ತಿದ್ದುದು ಪರದೆಗೆ ಚಿತ್ರ ಮೂಡಿಸುವ ಎಕ್ಸ್ ವ್ಯವಸ್ಥೆಯ ತಂತ್ರಾಂಶ ಎಕ್ಸ್‌ಫ್ರೀ86ರ ಪ್ರಶ್ನೆ: ನಿಮ್ಮ ಮಾನಿಟರಿನ ಹಾರಿಜಾಂಟಲ್ ಸಿಂಕ್ ಎಷ್ಟು ಕಿಲೋಹರ್ಟ್ಜ್? ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್‌ಹ್ಯಾಂಡ್ ಮಾನಿಟರಿಗೆ ಮ್ಯಾನ್ಯುಅಲ್ ಎಲ್ಲಿಂದ ಬರಬೇಕು? ಅಂಕಿ ತಪ್ಪಿದರೆ ಮಾನಿಟರೇ ಕೆಟ್ಟೀತು ಎಂಬ ಎಚ್ಚರಿಕೆ ಬೇರೆ.

ಲೆಕ್ಕವೇನೋ ಸರಳ. 1024×768 ಚಿತ್ರಕ್ಕೆ ಒಂದು ಗೆರೆಗೆ ಅಂಚಿನ ಕತ್ತಲನ್ನೂ ಸೇರಿಸಿ 1344 ಬಿಂದು. ಒಂದು ಚಿತ್ರಕ್ಕೆ 806 ಗೆರೆ. ಪಿಕ್ಸೆಲ್ ಗಡಿಯಾರದ 65 ಮೆಗಾಹರ್ಟ್ಜನ್ನು 1344ರಿಂದ ಭಾಗಿಸಿದರೆ 48.4 ಕಿಲೋಹರ್ಟ್ಜ್, ಅದನ್ನು 806ರಿಂದ ಭಾಗಿಸಿದರೆ ಸೆಕೆಂಡಿಗೆ 60 ಚಿತ್ರ. ಮೋಡ್‌ಲೈನ್ ಎಂದರೆ ಇಷ್ಟೇ. ಆದರೂ ಅದನ್ನು ಬಾಯಿಪಾಠ ಹೇಳಬಲ್ಲವನಿಗೆ ಗೆಳೆಯರ ಬಳಗದಲ್ಲಿ ಪುರೋಹಿತರ ಮರ್ಯಾದೆ ಸಲ್ಲುತ್ತಿತ್ತು.

2007ರ ರ‍್ಯಾಂಡರ್ 1.2 ವಿಸ್ತರಣೆ ಎಕ್ಸ್ ವ್ಯವಸ್ಥೆಗೆ ಬಂದ ಮೇಲೆ ಎಕ್ಸ್‌ರ‍್ಯಾಂಡರ್ ಆಜ್ಞೆಯಿಂದಲೇ ಎರಡನೆಯ ಪರದೆಯನ್ನು ಎಡಕ್ಕೋ ಬಲಕ್ಕೋ ಕೂರಿಸಬಹುದಾಯಿತು. ಜಾತಕ ಬಾರದಿದ್ದರೆ ಹಳೆಯ ಮೋಡ್‌ಲೈನನ್ನು ಅದಕ್ಕೇ ಉಣಿಸಬಹುದಾಯಿತು. ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡಿನಲ್ಲಿ ಆ ಆಜ್ಞೆ ನಡೆಯದು, ಸಾಮಾನ್ಯವಾಗಿ ಸೆಟ್ಟಿಂಗ್ಸ್ ಕಿಟಕಿಯೇ ಗತಿ. ಅನುಕೂಲವೇ ಸರಿ, ಪುರೋಹಿತರಿಗೆ ಮಾತ್ರ ಕೆಲಸವಿಲ್ಲ.

ಆದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಮಿಲ್ಲಿಂಗ್ ಯಂತ್ರಕ್ಕೆ, ಅದನ್ನು ಕಂಪ್ಯೂಟರಿನಿಂದ ನಡೆಸುವ ಲಿನಕ್ಸ್‌ಸಿಎನ್‌ಸಿ ಹಾಕಹೊರಟವರಿಗೆ ಡಿಸ್‌ಪ್ಲೇ ಡ್ರೈವರು ಬರಿಯ ನೋಟದ ವಿಷಯವಲ್ಲ. ಗ್ರಾಫಿಕ್ಸ್ ಕಾರ್ಡು ಪ್ರೊಸೆಸರನ್ನು ತಡೆದರೆ ಸ್ಟೆಪ್ಪರ್ ಮೋಟಾರಿಗೆ ಹೋಗುವ ಪಲ್ಸ್ ತಡವಾಗುತ್ತದೆ. ಅದಕ್ಕೇ ಮೊದಲು ಲೇಟೆನ್ಸಿ ಪರೀಕ್ಷೆ: ಕಿಟಕಿಗಳನ್ನು ಬೇಕೆಂದೇ ಎಳೆದಾಡಿ, ಫೈಲು ಕಾಪಿ ಮಾಡಿ, ತಿರುಗುವ ಗೇರಿನ ಚಿತ್ರ ಓಡಿಸಿ ಕಂಪ್ಯೂಟರನ್ನು ಗೋಳು ಹೊಯ್ದುಕೊಳ್ಳಬೇಕು. ತಡ 20 ಮೈಕ್ರೊಸೆಕೆಂಡಿನೊಳಗಿದ್ದರೆ ಚೆನ್ನ. 100 ದಾಟಿದರೆ ಡ್ರೈವರೋ ಕಾರ್ಡೋ ಬದಲಿಸಿ ನೋಡಬೇಕು. ಆಗಲೂ ಇಳಿಯದಿದ್ದರೆ ಬೇರೆ ಕಂಪ್ಯೂಟರು ಹುಡುಕಬೇಕು.